ನಡೆದರೆ ಸರಿಯಾಗುತ್ತದೆ ಅಂತಾರೆ, ನಡೆದ ಮರುದಿನ ಏಳಲಿಕ್ಕೇ ಆಗುವುದಿಲ್ಲ

ಪೆರ್ಲದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 27 ವರ್ಷ. ಒಂದೂವರೆ ವರ್ಷದ ಹಿಂದೆ ಡೆಂಗಿ ಬಂತು. ಪ್ಲೇಟ್‌ಲೆಟ್ ಸರಿಯಾಗಿ ಮನೆಗೆ ಬಂದಳು, ಆದರೆ ಮೊದಲಿನ ಹಾಗೆ ಆಗಲೇ ಇಲ್ಲ. ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಷ್ಟರಲ್ಲಿ ಮಲಗಬೇಕು. ರಾತ್ರಿಯಿಡೀ ಮಲಗಿದರೂ ನಿದ್ದೆಗೆಟ್ಟವಳ ಹಾಗಿರುತ್ತಾಳೆ. ಓದಿದ್ದು ತಲೆಗೆ ಹೋಗುವುದಿಲ್ಲ. ರಕ್ತ ಪರೀಕ್ಷೆ ಎಲ್ಲ ನಾರ್ಮಲ್. ಈಗ ನೋಡುವ ಡಾಕ್ಟರು ಇದು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಇರಬಹುದು, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ನಡೆಯಬೇಕು, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದರು. ಅವಳು ನಡೆಯುತ್ತಾಳೆ. ಎರಡು ದಿನ ನಡೆದರೆ ಮೂರನೇ ದಿನ ಹಾಸಿಗೆ. ಮನೆಯ ದೊಡ್ಡವರು ಉದಾಸೀನ ಅಂತಾರೆ. ಅನುಭವ ಇದ್ದವರು ಹೇಳಿ, ನಡೆಸಬೇಕೋ ನಿಲ್ಲಿಸಬೇಕೋ?

ನೀರ್ಚಾಲಿನಿಂದ

ಅಕ್ಕಾ, ನಡಿಗೆ ಹೆಚ್ಚಿಸುವುದನ್ನು ಇವತ್ತೇ ನಿಲ್ಲಿಸಿ. ನನಗೆ ಈ ಕಾಯಿಲೆ ಶುರುವಾಗಿ ಒಂಬತ್ತು ವರ್ಷ. ನಾನು ಟೀಚರ್. ಮೊದಲ ಎರಡು ವರ್ಷ ನಿಮ್ಮ ತಂಗಿಯ ಹಾಗೆಯೇ ಹಟ ಹಿಡಿದು ನಡೆದೆ. ಆ ಎರಡು ವರ್ಷದಲ್ಲಿ ಕಳೆದುಕೊಂಡ ಶಕ್ತಿ ಪೂರ್ತಿ ವಾಪಸು ಬಂದಿಲ್ಲ.

ನಮ್ಮ ಕಡೆ ಬಚ್ಚುವುದು ಅಂತ ಹೇಳುತ್ತೇವಲ್ಲಾ. ಅಡಿಕೆ ಹೆಕ್ಕಿ ಬಂದರೆ ಬಚ್ಚುತ್ತದೆ, ಒಂದು ಲೋಟ ಮಜ್ಜಿಗೆ ಕುಡಿದು ಕೂತರೆ ಹೋಗುತ್ತದೆ. ನನ್ನದು ಹಾಗೆ ಹೋಗುವುದಿಲ್ಲ. ಕೆಲಸ ಮಾಡುವಾಗ ಅಷ್ಟೇನೂ ಅನಿಸುವುದಿಲ್ಲ. ಪೆಟ್ಟು ಬೀಳುವುದು ಮರುದಿನ, ಕೆಲವು ಸಲ ಎರಡು ದಿನ ಬಿಟ್ಟು. ಗಂಟಲು ನೋವು, ಮೈಯೆಲ್ಲ ಜ್ವರ ಬಂದ ಹಾಗೆ, ಬೆಳಕು ನೋಡಲಿಕ್ಕೆ ಆಗುವುದಿಲ್ಲ, ಮಕ್ಕಳ ಹೆಸರು ನೆನಪಿಗೆ ಬರುವುದಿಲ್ಲ. ಇದಕ್ಕೆ ಪೋಸ್ಟ್ ಎಕ್ಸರ್ಷನಲ್ ಮಲೇಸ್ ಅಂತ ಹೆಸರು, ಪಿಇಎಂ ಅಂತಾರೆ. ನಾನು ಮರುದಿನದ ಪೆಟ್ಟು ಅಂತ ಕರೆಯುತ್ತೇನೆ. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಕೊಟ್ಟ ವರದಿಯ ಪ್ರಕಾರ ಈ ಲಕ್ಷಣ ಇದ್ದರೆ ಮಾತ್ರ ಈ ಕಾಯಿಲೆ ಎಂದು ಹೇಳಬಹುದು.

ಕಾಸರಗೋಡಿನ ನಮಗೆ ಇಲ್ಲಿ ಇನ್ನೊಂದು ಕಷ್ಟ ಇದೆ. ಡಾಕ್ಟರ ಹತ್ತಿರ ಮಲಯಾಳದಲ್ಲಿ ಹೇಳುವಾಗ ನಾವು ಕ್ಷೀಣ ಅಂತೇವೆ. ಕ್ಷೀಣ ಎಂದರೆ ಯಾರಿಗೂ ಆಗುವ ಸುಸ್ತು. ನನಗೆ ಟಾನಿಕ್ ಬರೆದುಕೊಟ್ಟರು. ಮುಂದಿನ ಸಲ ಆ ಶಬ್ದವನ್ನೇ ಬಿಟ್ಟೆ. ಮೂರು ವಾರ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟದ್ದನ್ನು ತೋರಿಸಿದೆ. ಸೋಮವಾರ ಅರ್ಧ ಗಂಟೆ ನಡೆದೆ, ಮಂಗಳವಾರ ಸಂಜೆಯಿಂದ ಗುರುವಾರದವರೆಗೆ ಮಲಗಿದೆ, ಹೀಗೆ. ಡಾಕ್ಟರು ಪುಟ ತಿರುಗಿಸಿ ತಿರುಗಿಸಿ ನೋಡಿದರು. ಆ ದಿನವೇ ಮೊದಲು ನನ್ನ ಮಾತು ನಂಬಿದ್ದು.

ಈಗ ನಡಿಗೆಯ ವಿಷಯ. ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಡಾಕ್ಟರು ತಮ್ಮ ಮನಸ್ಸಿಗೆ ಬಂದದ್ದನ್ನು ಹೇಳಿದ್ದಲ್ಲ. ತುಂಬಾ ವರ್ಷ ಪುಸ್ತಕದಲ್ಲೇ ಹಾಗೆ ಇತ್ತು. ಬ್ರಿಟನ್ನಿನಲ್ಲಿ ಪೇಸ್ ಎಂಬ ದೊಡ್ಡ ಪ್ರಯೋಗ ಮಾಡಿದ್ದರು, 641 ರೋಗಿಗಳ ಮೇಲೆ. 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹಂತ ಹಂತವಾಗಿ ವ್ಯಾಯಾಮ ಹೆಚ್ಚಿಸಿದರೆ, ಇಲ್ಲವೇ ಸಿಬಿಟಿ ಎಂಬ ಆಪ್ತಸಲಹೆ ಕೊಟ್ಟರೆ ರೋಗಿಗಳು ಸುಧಾರಿಸುತ್ತಾರೆ ಎಂದರು. 2013ರಲ್ಲಿ ಈ ಎರಡೂ ಗುಂಪಿನಲ್ಲಿ ಶೇಕಡಾ 22 ಮಂದಿ ಗುಣವಾದರು ಎಂದು ಇನ್ನೊಂದು ಲೇಖನ ಬರೆದರು.

ರೋಗಿಗಳು ಕೂತು ಅದನ್ನು ಸಾಲು ಸಾಲಾಗಿ ಓದಿದರು. ಓಡಾಡುವ ಶಕ್ತಿಗೆ 100ರಲ್ಲಿ ಅಂಕ ಕೊಡುವ ಒಂದು ಪಟ್ಟಿ ಇದೆ. 65 ಅಥವಾ ಅದಕ್ಕಿಂತ ಕಡಿಮೆ ಬಂದವರನ್ನು ರೋಗಿ ಎಂದು ಪ್ರಯೋಗಕ್ಕೆ ಸೇರಿಸಿದ್ದರು. ಕೊನೆಗೆ ಗುಣವಾದವರನ್ನು ಎಣಿಸುವಾಗ ಅದೇ ಪಟ್ಟಿಯಲ್ಲಿ 60 ಬಂದರೆ ಸಾಕು ಎಂದು ಇಟ್ಟರು. ಮೊದಲು ಹಾಕಿಕೊಂಡ ಯೋಜನೆಯಲ್ಲಿ ಅದು 85 ಇತ್ತು. ಅಂದರೆ ಸೇರುವಾಗ 65 ಇದ್ದವರು 60ಕ್ಕೆ ಇಳಿದರೂ ಆ ಒಂದು ಅಳತೆಯಲ್ಲಿ ಪಾಸು. ಇದನ್ನು ಓದಿದ ದಿನ ನಾನು ಅತ್ತಿದ್ದೇನೆ. ನಡೆದದ್ದು ಸಾಲದು ಎಂದು ನನ್ನನ್ನೇ ಬೈದುಕೊಂಡ ದಿನಗಳೆಲ್ಲ ನೆನಪಾದವು.

ಆಸ್ಟ್ರೇಲಿಯಾದ ಆಲೆಮ್ ಮ್ಯಾಥೀಸ್ ಎಂಬ ರೋಗಿ ಮಾಹಿತಿ ಹಕ್ಕಿನ ಕಾನೂನಿನಡಿ ಪೇಸ್ ಪ್ರಯೋಗದ ಅಂಕಿಅಂಶ ಕೇಳಿದರು. ಅದನ್ನು ಇಟ್ಟುಕೊಂಡಿದ್ದ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಕೊಡುವುದಿಲ್ಲ ಎಂದಿತು. 2016ರಲ್ಲಿ ನ್ಯಾಯಮಂಡಳಿ ಕೊಡಲೇಬೇಕು ಎಂದಿತು. ಮೂಲ ಯೋಜನೆಯ ಅಳತೆಯಲ್ಲೇ ಮತ್ತೆ ಲೆಕ್ಕ ಹಾಕಿದಾಗ ಗುಣವಾದವರು ಶೇಕಡಾ 10ಕ್ಕಿಂತ ಕಡಿಮೆ. ಪೇಸ್ ನಡೆಸಿದವರು ತಮ್ಮ ಫಲಿತಾಂಶ ಸರಿ ಎಂದೇ ಹೇಳುತ್ತಾರೆ, ಲ್ಯಾನ್ಸೆಟ್ ಆ ಲೇಖನವನ್ನು ವಾಪಸು ಪಡೆದಿಲ್ಲ. ಅದನ್ನೂ ನೀವು ತಿಳಿದಿರಬೇಕು. ಆದರೆ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಡಾಕ್ಟರುಗಳಿಗೆ ಸಲಹೆ ಕೊಡುವ ಇಂಗ್ಲೆಂಡಿನ ನೈಸ್ ಸಂಸ್ಥೆ 2007ರ ತನ್ನ ಹಳೆಯ ಸಲಹೆಯನ್ನೇ ಬದಲಾಯಿಸಿತು. ಕೆಲವು ವೈದ್ಯರ ಸಂಘಗಳು ವಿರೋಧಿಸಿದ್ದರಿಂದ 2021ರ ಆಗಸ್ಟ್‌ನಲ್ಲಿ ಬರಬೇಕಾದದ್ದು ಅಕ್ಟೋಬರ್‌ನಲ್ಲಿ ಬಂತು. ದಿನಕ್ಕಿಷ್ಟು ಎಂದು ಏರಿಸುತ್ತಾ ಹೋಗುವ ವ್ಯಾಯಾಮ ಕೊಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಸಿಬಿಟಿ ಬೇಕಾದರೆ ಧೈರ್ಯಕ್ಕೆ ಕೊಡಬಹುದು, ಅದು ಕಾಯಿಲೆ ಗುಣ ಮಾಡುವ ಚಿಕಿತ್ಸೆ ಎಂದು ಹೇಳಬಾರದು. ಅದರ ಪ್ರಿಂಟ್ ತೆಗೆದು ಡಾಕ್ಟರ ಕೈಗೆ ಕೊಡಿ. ಜಗಳ ಮಾಡಬೇಡಿ, ಸುಮ್ನೆ ಕೊಡಿ.

ನಾನು ಈಗ ಏನು ಮಾಡುವುದೆಂದರೆ, ಇನ್ನೂ ಮಾಡಬಹುದು ಅನಿಸುವಾಗಲೇ ನಿಲ್ಲಿಸುವುದು. ತರಕಾರಿ ಕೂತು ಹೆಚ್ಚುವುದು. ಉತ್ತರ ಪತ್ರಿಕೆ ಒಂದು ಸಲಕ್ಕೆ ಐದೇ ತಿದ್ದುವುದು. ಮದುವೆಗೆ ಹೋದರೆ ಊಟಕ್ಕೆ ಮಾತ್ರ ಹೋಗಿ, ನಂತರದ ಎರಡು ದಿನ ರಜೆ ಹಾಕುವುದು. ಗುಣವಾಗಿಲ್ಲ. ಹಾಸಿಗೆ ಹಿಡಿಯುವ ದಿನ ಕಡಿಮೆಯಾಗಿದೆ.

ಮಂಜೇಶ್ವರದಿಂದ

ಟೀಚರ್ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಎಲ್ಲ ನಾರ್ಮಲ್ ಎಂದರೆ ಯಾವುದೆಲ್ಲ ನೋಡಿದ್ದಾರೆ ಎಂದು ರಿಪೋರ್ಟ್ ತೆಗೆದು ನೋಡಿ. ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ, ಮೈಯಲ್ಲಿ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಇದೆಯಾ? ನನಗೂ ಎರಡು ವರ್ಷ ಹೀಗೇ ಇತ್ತು. ಕೊನೆಗೆ ನೋಡಿದರೆ ಬಿ12 ತೀರಾ ಕಡಿಮೆ. ನಮ್ಮದು ಸಸ್ಯಾಹಾರದ ಮನೆ. ಇಂಜೆಕ್ಷನ್ ತೆಗೆದುಕೊಂಡ ಮೇಲೆ ನಾನು ಸರಿಯಾದೆ. ಗುಣವಾಗುವ ಕಾರಣ ಇದ್ದರೆ ಅದು ತಪ್ಪಿ ಹೋಗಬಾರದು, ಅಲ್ವಾ?

ಮುಳ್ಳೇರಿಯದಿಂದ

ನನ್ನ ಮಗಳಿಗೆ ಈಗ 22. 2019ರಿಂದ ಇದೆ. ನಿಂತರೆ ಎದೆ ಹೊಡೆದುಕೊಳ್ಳುವುದು, ಕಣ್ಣು ಕತ್ತಲೆ ಬರುವುದು ನಿಮ್ಮ ತಂಗಿಗೂ ಇದೆಯಾ ನೋಡಮ್ಮ. ಹತ್ತು ನಿಮಿಷ ಮಲಗಿಸಿ ನಾಡಿ ಎಣಿಸಿ. ಆಮೇಲೆ ಗೋಡೆಗೆ ಒರಗಿ ಹತ್ತು ನಿಮಿಷ ನಿಲ್ಲಿಸಿ, ನಿಮಿಷ ನಿಮಿಷಕ್ಕೂ ಎಣಿಸಿ ಬರೆಯಿರಿ. ಪಕ್ಕದಲ್ಲೇ ನಿಂತಿರಿ, ಬೀಳಬಹುದು. ದೊಡ್ಡವರಲ್ಲಿ 30 ಅಥವಾ ಹೆಚ್ಚು ಏರಿ ಹಾಗೆಯೇ ಉಳಿದರೆ ಡಾಕ್ಟರಿಗೆ ತೋರಿಸಬೇಕು. ಎದ್ದು ನಿಂತಾಗ ನಾಡಿ ವಿಪರೀತ ಏರುವ ಪಾಟ್ಸ್ ಎಂಬ ತೊಂದರೆ ಇರಬಹುದು, ಈ ಕಾಯಿಲೆಯ ಜೊತೆ ಅದು ಬರುವುದುಂಟು. ನನ್ನ ಮಗಳದು 74ರಿಂದ 118ಕ್ಕೆ ಹೋಗಿತ್ತು. ಡಾಕ್ಟರು ಹೇಳಿದ ಮೇಲೆ ಉಪ್ಪು ಹಾಕಿದ ಗಂಜಿ ತೆಳಿ ದಿನಕ್ಕೆ ಮೂರು ಸಲ, ಕಾಲಿಗೆ ಬಿಗಿ ಕಾಲುಚೀಲ. ಈಗ ಕೂತು ಊಟ ಮಾಡುತ್ತಾಳೆ. ಮೊದಲು ಮಲಗಿಯೇ ಉಣ್ಣುತ್ತಿದ್ದಳು.

ಮಂಗಳೂರಿಗೆ ಹೋಗುವುದಾದರೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಕರೆದುಕೊಂಡು ಹೋಗಿ. ಎರಡು ಡಾಕ್ಟರನ್ನು ಒಂದೇ ದಿನ ಮುಗಿಸೋಣ ಅಂತ ಮಾಡಬೇಡಿ. ನಾನು ಆ ತಪ್ಪು ಮಾಡಿ ಅವಳು ಒಂದು ತಿಂಗಳು ಏಳಲಿಲ್ಲ. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಫೋನಿನಲ್ಲೇ ನೋಡುವ ಡಾಕ್ಟರು ಸಿಕ್ಕಿದರು. ಈಗಲೂ ಹಾಗೆಯೇ ನಡೆಯುತ್ತಿದೆ.

ಕುಂಬಳೆಯಿಂದ

ನನ್ನ ಅಣ್ಣ ದುಬೈಯಲ್ಲಿದ್ದಾಗಲೇ ಕಾಯಿಲೆ ಬಿದ್ದವನು. 2009ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಎಕ್ಸ್‌ಎಂಆರ್‌ವಿ ಎಂಬ ವೈರಸ್ಸಿನ ಸುದ್ದಿ ಬಂತು. 101 ರೋಗಿಗಳಲ್ಲಿ 68 ಮಂದಿಯಲ್ಲಿ ಸಿಕ್ಕಿದೆ ಎಂದು. ಅಣ್ಣ ಎಷ್ಟು ಖುಷಿಪಟ್ಟ ಅಂದರೆ, ಕೊನೆಗೂ ಹೆಸರು ಸಿಕ್ಕಿತು ಎಂದು ಅಮ್ಮನಿಗೆ ಫೋನ್ ಮಾಡಿದ. ಬೇರೆಯವರು ಹುಡುಕಿದಾಗ ಸಿಗಲಿಲ್ಲ, ಅದು ಲ್ಯಾಬಿನಲ್ಲೇ ಬೆರೆತದ್ದು ಎಂದು ಗೊತ್ತಾಯಿತು. 2011ರ ಕೊನೆಗೆ ಪತ್ರಿಕೆ ಆ ಲೇಖನ ತೆಗೆದುಹಾಕಿತು. ನಂತರ ನಾರ್ವೆಯಲ್ಲಿ ಪ್ರಯೋಗ ಮಾಡಿದ ರಿಟುಕ್ಸಿಮ್ಯಾಬ್ ಎಂಬ ಔಷಧಿ. 30 ಜನರ ಮೇಲೆ ನೋಡಿದಾಗ ಆಸೆ ಹುಟ್ಟಿಸಿತ್ತು, 151 ಜನರ ಮೇಲೆ ನೋಡಿದಾಗ ಉಪಯೋಗ ಕಾಣಲಿಲ್ಲ, 2019ರಲ್ಲಿ ಅದೂ ಮುಗಿಯಿತು. ನಡುವೆ ಒಂದು ಕಡೆ ಶಕ್ತಿ ಹೆಚ್ಚಿಸುವ ಪ್ಯಾಕೇಜ್ ಅಂತ ನಾವು ಕಟ್ಟಿದ ದುಡ್ಡು ವಾಪಸು ಬರಲಿಲ್ಲ. ಸಣ್ಣ ಅಧ್ಯಯನದ ಸುದ್ದಿ ಹಿಡಿದು ಯಾರು ದುಡ್ಡು ಕೇಳಿದರೂ ಕೊಡಬೇಡಿ.

ನೀರ್ಚಾಲಿನಿಂದ ಮತ್ತೆ

ಮನೆಯವರು ಉದಾಸೀನ ಅಂತಾರೆ ಎಂದಿರಿ. ತಂಗಿಯ ಹತ್ತಿರ ಕೇಳಿ, ನಾಳೆ ಮೈ ಸರಿಯಾದರೆ ಏನು ಮಾಡ್ತೀಯಾ ಎಂದು. ನನ್ನನ್ನು ಕೇಳಿದರೆ ನಿಲ್ಲಿಸದೆ ಹತ್ತು ಕೆಲಸ ಹೇಳುತ್ತೇನೆ. ಉದಾಸೀನ ಇದ್ದವರ ಬಾಯಿಂದ ಅಂಥ ಪಟ್ಟಿ ಬರುವುದಿಲ್ಲ. ಬೇಜಾರು ಹೆಚ್ಚಾಗಿದ್ದರೆ ಮನಸ್ಸಿನ ಡಾಕ್ಟರನ್ನೂ ನೋಡಿ, ಅದರಲ್ಲಿ ನಾಚಿಕೆ ಇಲ್ಲ.

ನಿಮ್ಮ ಪೆರ್ಲ ಇರುವುದು ಎಣ್ಮಕಜೆ ಪಂಚಾಯತಿನಲ್ಲಿ. ಗೇರುತೋಟದ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದ ಕಾಲದಲ್ಲಿ ಅಲ್ಲಿಯ ಅಮ್ಮಂದಿರ ಮಾತು ಕೇಳಿಸಿಕೊಳ್ಳಲಿಕ್ಕೆ ಎಷ್ಟು ವರ್ಷ ಹಿಡಿಯಿತು ಎಂದು ನಿಮ್ಮ ಮನೆಯ ದೊಡ್ಡವರಿಗೆ ಗೊತ್ತು. ಆ ವಿಷಕ್ಕೂ ಈ ಕಾಯಿಲೆಗೂ ನಾನು ಗಂಟು ಹಾಕುತ್ತಿಲ್ಲ. ಹೇಳಿದರೂ ನಂಬದೆ ಇರುವ ಸಂಕಟ ಅವರಿಗೆ ಅರ್ಥವಾದೀತು ಎಂದಷ್ಟೇ. 2025ರಲ್ಲಿ ಡಿಕೋಡ್‌ಎಂಇ ಎಂಬ ಅಧ್ಯಯನದವರು 15,579 ರೋಗಿಗಳ ಡಿಎನ್‌ಎ ನೋಡಿ, ಎಂಟು ಜಾಗದಲ್ಲಿ ಬೇರೆಯವರಿಗಿಂತ ವ್ಯತ್ಯಾಸ ಇದೆ ಎಂದರು. ಯುರೋಪ್ ಮೂಲದವರದ್ದು ಮಾತ್ರ ನೋಡಿದ್ದು, ಚಿಕಿತ್ಸೆ ಇನ್ನೂ ದೂರ. ಆದರೂ ಅದನ್ನು ಮನೆಯವರಿಗೆ ಓದಿ ಹೇಳಿ.

ಪೆರ್ಲದಿಂದ

ಎಲ್ಲವನ್ನೂ ತಂಗಿಗೆ ಮೂರು ಸಲಕ್ಕೆ ಓದಿ ಹೇಳಿದೆ, ಒಂದೇ ಸಲ ಕೇಳಲಿಕ್ಕೆ ಅವಳಿಗೆ ಆಗಲಿಲ್ಲ. ಮರುದಿನದ ಪೆಟ್ಟು ಎಂದ ಕೂಡಲೇ ಕೈ ಹಿಡಿದುಕೊಂಡಳು. ರಿಪೋರ್ಟಿನಲ್ಲಿ ಬಿ12, ಫೆರಿಟಿನ್ ಇಲ್ಲ, ನಾಳೆ ಕೊಡುತ್ತೇವೆ. ನಡಿಗೆ ನಿಲ್ಲಿಸಿದ್ದೇವೆ. ಅಮ್ಮ ಬಚ್ಚಲಿಗೆ ಒಂದು ಸ್ಟೂಲ್ ಇಟ್ಟಿದ್ದಾರೆ, ಏನೂ ಹೇಳದೆ. ಮುಳ್ಳೇರಿಯದ ಅಣ್ಣ, ಕಾಲುಚೀಲಕ್ಕೆ ಅಳತೆ ಹೇಗೆ ನೋಡುವುದು?

ಮುಳ್ಳೇರಿಯದಿಂದ

ಮೊದಲು ನಾಡಿಯ ಲೆಕ್ಕ ಡಾಕ್ಟರಿಗೆ ತೋರಿಸಮ್ಮ. ಅವರು ಬೇಕು ಎಂದರೆ ಬೆಳಿಗ್ಗೆ ಎದ್ದ ಕೂಡಲೇ, ಕಾಲು ಊದುವ ಮೊದಲು, ಪಾದದ ಗಂಟು ಮತ್ತು ಮೀನಖಂಡದ ಸುತ್ತಳತೆ ಟೇಪಿನಲ್ಲಿ ತೆಗೆಯಿರಿ. ಎರಡೂ ಕಾಲಿನದ್ದು ಬೇಕು.