ಸಹಾಯ ಬೇಕು: ಅಗ್ಗದ ಕೆಂಪು ವೈನಿನ ಒಗರನ್ನು ಹೇಗೆ ಅಳೆಯಬೇಕು?

ಎಲ್ಲರಿಗೂ ನಮಸ್ಕಾರ. ಧಾರವಾಡದ ನಮ್ಮ ಮನೆಯಲ್ಲಿ ಆರು ತಿಂಗಳಿನಿಂದ 800 ರೂಪಾಯಿಯೊಳಗಿನ ವೈನ್‌ಗಳ ರುಚಿ ನೋಡಿ, ಬಣ್ಣ, ವಾಸನೆ, ಹುಳಿ, ಒಗರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ಬೆಲೆ ಕಂಡು ಮನಸ್ಸು ವಾಲಬಾರದೆಂದು ಬಾಟಲಿಗಳಿಗೆ ಹಾಳೆ ಸುತ್ತಿ, ಮನೆಯವರ ಕೈಯಿಂದಲೇ ಗ್ಲಾಸಿಗೆ ಸುರಿಸಿಕೊಳ್ಳುತ್ತೇನೆ.

ಹೋದ ವಾರ ಶಿರಾಜ್ ದ್ರಾಕ್ಷಿಯ ವೈನೊಂದನ್ನು ತೆರೆದಾಗ ಕೋಣೆಯ ಉಷ್ಣತೆ 34 ಡಿಗ್ರಿ ಇತ್ತು. ಮದ್ಯಸಾರದ ಘಾಟಿನಲ್ಲಿ ಹಣ್ಣಿನ ವಾಸನೆಯೇ ಮುಚ್ಚಿಹೋಯಿತು. ಕೆಂಪು ವೈನಿಗೆ 16ರಿಂದ 18 ಡಿಗ್ರಿ ಸೂಕ್ತವೆಂದು ಓದಿದ್ದರಿಂದ, ಫ್ರಿಜ್‌ನಲ್ಲಿಟ್ಟು ಥರ್ಮಾಮೀಟರಿನಿಂದ ಅಳೆದು ಅಷ್ಟಕ್ಕೆ ಇಳಿಸಿದೆ. ಆಗ ಕಾಳುಮೆಣಸಿನ ಪರಿಮಳ ಸ್ಪಷ್ಟವಾಗಿ ಬಂದಿತಾದರೂ, ಕಾಯಿ ನೇರಳೆ ಅಗಿದಂತೆ ನಾಲಿಗೆ ಒಣಗಿ ಹಿಡಿದುಕೊಂಡಿತು. ಜಗ್‌ಗೆ ಸುರಿದು ಒಂದು ಗಂಟೆ ಗಾಳಿಗಿಟ್ಟರೂ ವ್ಯತ್ಯಾಸವಾಗಲಿಲ್ಲ. ಗಿರ್ಮಿಟ್ಟಿನ ಖಾರದೊಂದಿಗೆ ಅದು ಇನ್ನಷ್ಟು ಒರಟೆನಿಸಿತು. ಹುರಿದ ಉಪ್ಪು ಶೇಂಗಾ ತಿಂದಾಗ ಮಾತ್ರ ಮೆತ್ತಗಾಯಿತು, ಆ ಗುಟುಕು ನಿಜಕ್ಕೂ ಸೊಗಸಾಗಿತ್ತು.

ದ್ರಾಕ್ಷಿಯ ಸಿಪ್ಪೆ, ಬೀಜಗಳ ಟ್ಯಾನಿನ್‌ನಿಂದ ಒಗರು ಬರುತ್ತದೆ, ತಂಪಾದಷ್ಟೂ ಅದು ಎದ್ದು ಕಾಣುತ್ತದೆ ಎಂಬುದು ಗೊತ್ತು. ಆದರೆ ಒಂದೇ ಬಾಟಲಿಗೆ ಮೂರು ಬಗೆಯ ತೀರ್ಪು ಬಂದಿರುವಾಗ ಯಾವುದನ್ನು ಬರೆದಿಡಬೇಕೆಂಬುದೇ ನನ್ನ ಗೊಂದಲ.

ಅನುಭವವಿರುವವರು ದಯವಿಟ್ಟು ತಿಳಿಸಿ: ಅಂಕ ಕೊಡುವಾಗ ವೈನನ್ನು ಯಾವ ಉಷ್ಣತೆಯಲ್ಲಿ, ಬರಿಬಾಯಿಯಲ್ಲಿ ನೋಡಬೇಕೋ ಅಥವಾ ತಿನಿಸಿನೊಂದಿಗೋ?