ಕೋಳಿಯ ಕೆಂಪು ನುಸಿಗೆ ಲಸಿಕೆ: ಇನ್ನೂ ಯಾಕೆ ಬಂದಿಲ್ಲ?

ಪ್ರಶ್ನೆ: ಸ್ಕಾಟ್ಲೆಂಡಿನ ಮೊರೆಡನ್ ಪಶು ಸಂಶೋಧನಾ ಸಂಸ್ಥೆಯವರು ಕೋಳಿಯ ರಕ್ತ ಹೀರುವ ಕೆಂಪು ನುಸಿಯನ್ನೇ ಅರೆದು, ಆ ಸಾರವನ್ನು ಲಸಿಕೆಯಾಗಿ ಮೊಟ್ಟೆಕೋಳಿಗೆ ಕೊಟ್ಟಾಗ ನುಸಿಗಳ ಸಂಖ್ಯೆ 78% ಇಳಿಯಿತು (2017). ಅದನ್ನೇ ಮಾರುಕಟ್ಟೆಗೆ ತರಲು ಅಡ್ಡಿ ಏನು?

ಉತ್ತರ 1: ಅಷ್ಟೊಂದು ನುಸಿ ಎಲ್ಲಿಂದ ತರುವುದು ಸರ್? ರಕ್ತವಿಲ್ಲದೆ ಅದು ಬೆಳೆಯದು. ಶೆಡ್ಡಿನ ಸಂದುಗಳಿಂದ ಗುಡಿಸಿ ತಂದರೆ ಪ್ರತಿ ಬ್ಯಾಚೂ ಬೇರೆ, ಜೊತೆಗೆ ಸಾಲ್ಮೊನೆಲ್ಲಾದಂಥ ರೋಗಾಣು ಬರುವ ಭಯ. ಅದಕ್ಕೇ ನುಸಿಯ ಒಂದೊಂದು ಪ್ರೋಟೀನನ್ನು ಆರಿಸಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತಾರೆ. ಅಲ್ಲೇ ತೊಡಕು. ಬ್ಯಾಕ್ಟೀರಿಯಾ ನುಸಿಯಂತೆ ಪ್ರೋಟೀನಿಗೆ ಸಕ್ಕರೆಯ ಸರಪಳಿ ಜೋಡಿಸದು, ಪ್ರೋಟೀನ್ ಮಡಚಿಕೊಳ್ಳುವ ಆಕಾರವೂ ತಪ್ಪಬಹುದು. ಆಗ ಕೋಳಿಯಲ್ಲಿ ಐಜಿವೈ (ಹಕ್ಕಿಗಳ ರಕ್ತದ ಮುಖ್ಯ ಪ್ರತಿಕಾಯ) ಧಾರಾಳವಾಗಿ ಹುಟ್ಟಿದರೂ ನುಸಿಯ ಕರುಳಿನಲ್ಲಿರುವ ಅಸಲಿ ಪ್ರೋಟೀನಿಗೆ ಅಂಟದು.

ಉತ್ತರ 2: ದನದ ಉಣ್ಣಿಯ ಕರುಳಿನ ಪ್ರೋಟೀನಾದ ಬಿಎಂ86ರಿಂದ ಮಾಡಿದ ಲಸಿಕೆಯ ದಾರಿಯೇ ಇಲ್ಲೂ: ಕುಡಿದ ರಕ್ತದ ಜೊತೆ ಪ್ರತಿಕಾಯ ಕರುಳು ಸೇರಬೇಕು. ಆದರೆ ಕರುಳಿನ ಪ್ರೋಟೀನ್ ಕಚ್ಚುವಾಗ ಕೋಳಿಯ ಮೈಗೆ ತಾಗುವುದಿಲ್ಲ, ಹಾಗಾಗಿ ಕಡಿತದಿಂದ ಬೂಸ್ಟರ್ (ಪ್ರತಿಕಾಯ ಮತ್ತೆ ಏರುವುದು) ಸಿಗದು. ಅದಕ್ಕೇ ಪರಿಣಾಮ ಬಹುಕಾಲ ಉಳಿಯಲು ಎಣ್ಣೆ ಎಮಲ್ಷನ್ನಿನಲ್ಲಿ (ಎಣ್ಣೆ-ನೀರಿನ ಮಿಶ್ರಣದಲ್ಲಿ) ಕೊಟ್ಟು, ಮೊಟ್ಟೆ ಶುರುವಾಗುವ ಮೊದಲೇ ಎರಡೂ ಡೋಸ್ ಮುಗಿಸಬೇಕು. ಶೆಡ್ ತುಂಬ ಮೊಟ್ಟೆಕೋಳಿ ಹಿಡಿದು ಮತ್ತೆ ಮತ್ತೆ ಚುಚ್ಚಲು ಯಾರಿಂದಲೂ ಆಗದು.

ಉತ್ತರ 3: ಪರೀಕ್ಷೆಯಲ್ಲೂ ಜಾಗ್ರತೆ ಬೇಕು. ಹಸಿದ ನುಸಿಗಳನ್ನು ಜಾಲರಿಯ ಚೀಲದಲ್ಲಿಟ್ಟು ಕೋಳಿಯ ತೊಡೆಗೆ ಕಟ್ಟುತ್ತಾರೆ. ರಂಧ್ರ ಕಿರಿದಾದರೆ ಬಾಯಿ ಚರ್ಮ ಮುಟ್ಟದು, ಹಿರಿದಾದರೆ ನುಸಿಯೇ ಪರಾರಿ. ರಕ್ತ ಕುಡಿದು ಕೆಂಪಗಾದವನ್ನಷ್ಟೇ ಬೇರ್ಪಡಿಸಿ, ಸತ್ತವೆಷ್ಟು, ಪ್ರತಿ ಹೆಣ್ಣು ಇಟ್ಟ ಮೊಟ್ಟೆಯೆಷ್ಟು ಎಂದು ಎಣಿಸಿ. ಹಸಿವಿನಿಂದ ಸತ್ತವನ್ನೂ ಸೇರಿಸಿದರೆ ಲಸಿಕೆಯ ಲೆಕ್ಕವೇ ಕೆಡುತ್ತದೆ.