ಬ್ಯಾನರಿನಲ್ಲಿ ಉಚಿತವೋ, ಮುಕ್ತವೋ, ಸ್ವತಂತ್ರವೋ?

ಮಲ್ಪೆಬೋಟು:
ಉಡುಪಿಯಲ್ಲಿ ಮುಂದಿನ ತಿಂಗಳು ಹಳೆ ಲ್ಯಾಪ್‌ಟಾಪ್‌ಗಳಿಗೆ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಿಕೊಡುವ ಸಣ್ಣ ಶಿಬಿರ ಇಟ್ಟಿದ್ದೇವೆ. ಇರುವುದು ಆರು ಜನ, ಬ್ಯಾನರಿನಲ್ಲಿ ಫ್ರೀ ಸಾಫ್ಟ್‌ವೇರ್‌ಗೆ ಯಾವ ಶಬ್ದ ಹಾಕುವುದು ಅಂತ ಮೂರು ದಿನದಿಂದ ಜಗಳ. ಕಳೆದ ಸಲ "ಉಚಿತ ತಂತ್ರಾಂಶ" ಎಂದು ಹಾಕಿದ್ದೆವು, ಬಂದವರಲ್ಲಿ ಅರ್ಧ ಜನ ಫೋಟೋಶಾಪ್ ಕ್ರ್ಯಾಕ್ ಮಾಡಿ ಕೊಡ್ತೀರಾ ಅಂತ ಪೆನ್‌ಡ್ರೈವ್ ಹಿಡಿದು ನಿಂತಿದ್ದರು. ಒಬ್ಬ ಓಪನ್ ಸೋರ್ಸ್ ಅಂತಲೇ ಬರೆಯುವ ಅನ್ನುತ್ತಾನೆ, ಇನ್ನೊಬ್ಬನಿಗೆ ಆ ಹೆಸರು ಕೇಳಿದರೇ ಆಗುವುದಿಲ್ಲ. ನೀವೆಲ್ಲ ಎಂತ ಬರೆಯುತ್ತೀರಿ?

ಗೋಳಿಬಜೆ_ರೂಟ್:
ಉಚಿತ ಬೇಡವೇ ಬೇಡ ಮಾರ್ರೆ. ಕೃಷ್ಣ ಮಠದ ಊಟ ಉಚಿತ, ಹಾಗಂತ ಒಳಗೆ ಹೋಗಿ ಸಾರಿಗೆ ನಮ್ಮಿಷ್ಟದ ಒಗ್ಗರಣೆ ಹಾಕಲಿಕ್ಕಾಗುತ್ತದಾ? ಫ್ರೀ ಸಾಫ್ಟ್‌ವೇರ್ ಚಳವಳಿ ಶುರುಮಾಡಿದ ಸ್ಟಾಲ್ಮನ್ ಕೇಳಿದ್ದು ಆ ಒಗ್ಗರಣೆಯ ಹಕ್ಕು, ಅಂದರೆ ಕೋಡನ್ನು ನಮಗೆ ಬೇಕಾದಂತೆ ಬದಲಿಸುವ ಹಕ್ಕು. ದುಡ್ಡಿನ ಮಾತೇ ಅಲ್ಲ, 1985ರ ಸುಮಾರಿಗೆ ಅವರೇ ತಮ್ಮ ಇಮ್ಯಾಕ್ಸ್ ಎಂಬ ಎಡಿಟರಿನ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ಇಂಗ್ಲಿಷಿನವರಿಗೆ ಎರಡಕ್ಕೂ ಫ್ರೀ ಅಂತ ಒಂದೇ ಶಬ್ದ, ಅದಕ್ಕೆ ಅವರಿಗೆ ಮಂಡೆಬಿಸಿ. ನಮಗೆ ಬೇರೆ ಬೇರೆ ಉಂಟಲ್ಲ. ಸ್ವತಂತ್ರ ತಂತ್ರಾಂಶ ಅಂತ ಹಾಕಿ.

ಕದ್ರಿ404:
ತಂತ್ರ ತಂತ್ರ ಅಂತ ಎರಡೆರಡು ಸಲ, ಅದನ್ನು ಮೈಕಿನಲ್ಲಿ ಒಮ್ಮೆ ಹೇಳಿ ನೋಡಿ! ನನ್ನ ಅಮ್ಮ ಕೇಳಿ "ಅಂದ್ರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದಾ" ಅಂದರು. ಓಪನ್ ಸೋರ್ಸ್ ಎಂಬ ಹೆಸರು ಹುಟ್ಟಿದ್ದೂ ನಿಮ್ಮ ಪೆನ್‌ಡ್ರೈವ್ ಕಥೆಯಂಥ ಕಾರಣಕ್ಕೇ. 1998ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರಿನ ಕೋಡ್ ಎಲ್ಲರಿಗೂ ಬಿಟ್ಟುಕೊಡುತ್ತೇನೆ ಎಂದಿತ್ತು, ಆಗ ಕ್ರಿಸ್ಟೀನ್ ಪೀಟರ್ಸನ್ ಈ ಹೆಸರು ಸೂಚಿಸಿದರು, ಫ್ರೀ ಅಂದರೆ ಹೊಸಬರ ಗಮನ ಬೆಲೆಯ ಕಡೆಗೇ ಹೋಗುತ್ತದೆ ಅಂತ.

ಗೋಳಿಬಜೆ_ರೂಟ್:
ಸರಿ, ಆದರೆ ಆ ಹೆಸರಿನಲ್ಲಿ ಹಕ್ಕಿನ ಮಾತೇ ಬಿದ್ದುಹೋಯಿತಲ್ಲ. ಈಗ ಕೋಡ್ ಕಣ್ಣಿಗೆ ಕಂಡರೆ ಸಾಕು, ಓಪನ್ ಅಂತಾರೆ.

ತೆಂಕಪೇಟೆ:
ಮುಕ್ತ ಅಂತ ಹಾಕುವುದಾದರೆ ಫ್ಲೆಕ್ಸ್ ಅಂಗಡಿಯ ಪ್ರೂಫ್ ಎರಡು ಸಲ ನೋಡಿ. ನಮ್ಮದರಲ್ಲಿ ಶಬ್ದ ಹಿಂದೆಮುಂದೆಯಾಗಿ "ತಂತ್ರಾಂಶ ಮುಕ್ತ ಶಿಬಿರ" ಅಂತ ಬಂದಿತ್ತು, ಪಕ್ಕದಲ್ಲೇ "ಪ್ಲಾಸ್ಟಿಕ್ ಮುಕ್ತ ಪರಿಸರ" ಬ್ಯಾನರ್. ಜನ ಸರಿಯಾಗಿಯೇ ಓದಿಕೊಂಡರು, ಒಬ್ಬರೂ ಲ್ಯಾಪ್‌ಟಾಪ್ ತರಲಿಲ್ಲ. ಅಂದಹಾಗೆ, ಲಿನಕ್ಸ್ ಅಂತ ಬರೆಯುತ್ತೀರೋ, ಸ್ಟಾಲ್ಮನ್ ಶುರುಮಾಡಿದ ಗ್ನೂ ಯೋಜನೆಯ ಹೆಸರೂ ಸೇರಿಸಿ ಗ್ನೂ/ಲಿನಕ್ಸ್ ಅಂತಲೋ?

ಮಲ್ಪೆಬೋಟು:
ದಮ್ಮಯ್ಯ, ಅದನ್ನು ಈಗ ಎತ್ತಬೇಡಿ. ಡೆಬಿಯನ್‌ನವರೇ ಗ್ನೂ/ಲಿನಕ್ಸ್ ಅಂತ ಬರೆಯುತ್ತಾರೆ, ಹಾಗೇ ಇರಲಿ. ದೊಡ್ಡಕ್ಷರದಲ್ಲಿ "ಹಳೆ ಲ್ಯಾಪ್‌ಟಾಪ್ ತನ್ನಿ" ಅಂತ ಹಾಕಿ, ಕೆಳಗೆ ಸಣ್ಣದಾಗಿ ಸ್ವತಂತ್ರ ತಂತ್ರಾಂಶ ಅಂತ ಬರೆಸುತ್ತೇನೆ. ಮೈಕು ಮಾತ್ರ ಗೋಳಿಬಜೆಯವರ ಕೈಗೆ.